ಮರಿಸಿದ್ದಯ್ಯನವರ ನಾಲ್ಕು ಸಾವಿರದ ಆರುನೂರ ಹನ್ನೆರಡು ಮಾತು

ಇದು ನಿಜವಾಗಿ ನಡೆದದ್ದು. ನನ್ನ ಬಾಯಿಂದ ಬಂದದ್ದೆಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ, ಯಾಕೆಂದರೆ ನನ್ನ ಬಾಯಿಂದ ಯಾರ ಮಾತು ಬೇಕಾದರೂ ಬರುತ್ತದೆ. ಒಂದು ಕಾಲಕ್ಕೆ ನಲವತ್ತೊಂದು ಜನರ ದನಿ ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ಇಬ್ಬರು ಹೆಂಗಸರು, ಒಬ್ಬ ಶಾಸಕ, ಮತ್ತೆ ಜನರ ಲೆಕ್ಕಕ್ಕೆ ಸೇರಿಸಬಾರದ ಒಂದು ರೋಡ್ ರೋಲರ್. ನನ್ನ ಹೆಸರು ನೀಲಕಂಠ. ಕಾಲೇಜಿನಲ್ಲಿ ನೀಲಿಯನ್ನು ಕಿತ್ತು ಬಿಸಾಕಿ, ಕಂಠವನ್ನಷ್ಟೇ ಉಳಿಸಿಕೊಂಡು ‘ಕಂಠಿ’ ಎಂದು ಕರೆದರು. ಈ ಕಥೆಯನ್ನು ಮಾತ್ರ ಸ್ವಂತ ದನಿಯಲ್ಲೇ ಹೇಳುತ್ತೇನೆ. ಅದನ್ನು ಬಳಸಿ ಬಹಳ ದಿನವಾಯಿತು, ಅಲ್ಲಲ್ಲಿ ತೊಡರಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮೂರಿನಲ್ಲಿ ಬಯಲಲ್ಲಿ ನಿಂತು ಆಡಿದ ಮಾತು, ಹನ್ನೆರಡು ವರ್ಷ ಕಳೆದ ಮೇಲೆ, ಅದೇ ವಾರದ ಅದೇ ದಿನ, ಅದೇ ಗಳಿಗೆಗೆ, ಅದೇ ಜಾಗದಲ್ಲಿ ಇನ್ನೊಂದು ಸಲ ಕೇಳುತ್ತದೆ. ಒಂದೇ ಸಲ. ಆಮೇಲೆ ಇಲ್ಲ. ಸೂರಿನ ಕೆಳಗೆ ಆಡಿದ್ದು ಮರಳುವುದಿಲ್ಲ. ಬೀದಿಯಲ್ಲಿ ಗಂಟಲಿನಿಂದ ಹೊರಟದ್ದೆಲ್ಲ ಮರಳುತ್ತದೆ. ಹಾಗಾಗಿ ನಮ್ಮಲ್ಲಿ ಜಗಳ ಏನಿದ್ದರೂ ಬಾಗಿಲು ಹಾಕಿಕೊಂಡು ಆಡುತ್ತಾರೆ, ಹೊಗಳಿಕೆ ಏನಿದ್ದರೂ ಜಗಲಿಗೆ ಬಂದು ಹೇಳುತ್ತಾರೆ. ಗಂಡು ನೋಡಲು ಬಂದವರು ಕಾಫಿ ಕುಡಿದು ಎದ್ದುಹೋಗದೆ, ಹುಡುಗ ಹನ್ನೆರಡು ವರ್ಷದ ಹಿಂದೆ ಅವನ ಅಮ್ಮನಿಗೆ ಹೇಗೆ ಎದುರುತ್ತರ ಕೊಡುತ್ತಿದ್ದ ಎಂದು ತಿಳಿಯಲು ಒಂದು ವಾರ ಅವರ ಬೀದಿಯಲ್ಲೇ ರೂಮು ಮಾಡುತ್ತಾರೆ. ತರಕಾರಿಯವರು ಅರ್ಧ ಕೆಜಿ ಬದನೆಕಾಯಿ ತೂಗಿ, ತಲೆಯೆತ್ತಿ ನೋಡಿದರೆ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ನಮ್ಮೂರ ಅಂಗಡಿಗಳಲ್ಲಿ ಯಾರು ಏನು ಕೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: “ಈಗಿನದೋ, ಆಗಿನದೋ?”

ಯಾರಾದರೂ ತೀರಿಕೊಂಡರೆ ಅವರ ದನಿ ಇನ್ನೂ ಹನ್ನೆರಡು ವರ್ಷ ಊರಲ್ಲಿ ಓಡಾಡಿಕೊಂಡಿರುತ್ತದೆ. ಮನೆಯವರು ನಡುನಡುವೆ ಹೋಗಿ ಕೇಳಿ ಬರುತ್ತಾರೆ. ಕೊನೆಗೊಂದು ದಿನ ಅವರು ಬೀದಿಯಲ್ಲಿ ಆಡಿದ ಕಟ್ಟಕಡೆಯ ಮಾತು ಬರುತ್ತದೆ. ಅದಕ್ಕೆ ‘ಕಡೇಮಾತು’ ಎನ್ನುತ್ತೇವೆ. ಆ ದಿನ ಮನೆಮಂದಿ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಚಾಪೆ ತೆಗೆದುಕೊಂಡು ಹೋಗಿ ಆ ಜಾಗದಲ್ಲಿ ಕೂರುತ್ತಾರೆ. ಮಾತು ಬಂದು ಹೋಗುವ ತನಕ ಯಾರೂ ಅಳುವಂತಿಲ್ಲ, ಕೆಮ್ಮುವಂತಿಲ್ಲ. ಹೋದ ಮೇಲೆ ಕಡಲೆಪುರಿ ಹಂಚಿ ಎದ್ದು ಬರುತ್ತಾರೆ. ಸತ್ತ ದಿನ ಅಳದವರೂ ಅವತ್ತು ಅಳುತ್ತಾರೆ.

ಯಾರ ಮಾತು ಎಲ್ಲಿ, ಯಾವಾಗ ಬರುತ್ತದೆಂದು ಹೇಳುವುದು ಮರುದನಿ ಕಚೇರಿ. ನಾನಿರುವುದು ಅಲ್ಲಿಯೇ, ಕಂಪ್ಯೂಟರ್ ವಿಭಾಗದಲ್ಲಿ. ವಿಭಾಗ ಎಂದರೆ ನಾನೇ. ಬೀದಿಗೊಬ್ಬ ಕಿವಿಗಾರ ಇರುತ್ತಾನೆ. ಅವನು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತು, ಬೆನ್ನ ಹಿಂದೆ ಹೋಗುವ ಪ್ರತಿಯೊಂದು ಮಾತನ್ನೂ ಯಾರದು, ಎಷ್ಟು ಹೊತ್ತಿಗೆ, ಏನು ಎಂದು ಪುಸ್ತಕದಲ್ಲಿ ಬರೆಯಬೇಕು. ತಿರುಗಿ ನೋಡುವಂತಿಲ್ಲ. ಮುಖ ಕಂಡರೆ ಮುಲಾಜು ಬರುತ್ತದೆ, ದೊಡ್ಡವರ ಮಾತು ದಪ್ಪ ಅಕ್ಷರದಲ್ಲಿ, ಬಡವರ ಮಾತು ಸಣ್ಣ ಅಕ್ಷರದಲ್ಲಿ ಬೀಳುತ್ತದೆ ಎಂದು ಹಿಂದಿನವರು ಮಾಡಿದ ನಿಯಮ. ಕಿವಿಗಾರರ ಕಿವಿಯ ಬಗ್ಗೆ ಊರಿಗೆ ಅಷ್ಟು ಭರವಸೆ. ಆ ಪುಸ್ತಕಗಳು ಹನ್ನೆರಡು ವರ್ಷ ಉಗ್ರಾಣದಲ್ಲಿದ್ದು, ಮಾತು ಮರಳುವ ವಾರಕ್ಕೆ ಮುಂಚಿನ ಶನಿವಾರ ನಮ್ಮಲ್ಲಿಗೆ ಬಂದು ಡೇಟಾಬೇಸಿಗೆ ಟೈಪ್ ಆಗುತ್ತವೆ. ಸೋಮವಾರ ಬೆಳಿಗ್ಗೆ ಜನ ಕೌಂಟರಿಗೆ ಬಂದು ಹೆಸರು ಹೇಳುತ್ತಾರೆ, ನಾವು ಹುಡುಕು ಎಂದು ಯಂತ್ರಕ್ಕೆ ಕ್ವೆರಿ ಓಡಿಸುತ್ತೇವೆ, ಕಣ್ಣು ಮಿಟುಕಿಸುವುದರೊಳಗೆ ವಾರದ ಚೀಟಿ ಅಚ್ಚಾಗಿ ಕೈಗೆ ಬರುತ್ತದೆ.

ಪುಟ್ಟತಾಯಮ್ಮ ಹನ್ನೆರಡು ವರ್ಷದಿಂದ ಒಂದು ಸೋಮವಾರವನ್ನೂ ತಪ್ಪಿಸಿದವರಲ್ಲ. ಅವರ ಯಜಮಾನರು ಮರಿಸಿದ್ದಯ್ಯನವರು ಪಂಪ್ ಸ್ಟೋವ್ ರಿಪೇರಿ ಮಾಡುತ್ತಿದ್ದರು. ಊರಿನ ಅರ್ಧ ಅಡುಗೆ ಅವರ ಬೆರಳಿನಲ್ಲಿತ್ತು, ಮಾತು ಮಾತ್ರ ಬೆರಳೆಣಿಕೆಯಲ್ಲಿತ್ತು. ವಾರಕ್ಕೆ ಎರಡೋ ಮೂರೋ. ಅದೂ ‘ಹ್ಞೂಂ’, ‘ವಾಷರ್ ಹೋಗಿದೆ’, ‘ನಾಳೆ ಬನ್ನಿ’. ದನಿ ಮಾತ್ರ ಒಂದು ಸಲ ಕೇಳಿದರೆ ಮರೆಯುವಂಥದ್ದಲ್ಲ. ಮಾತಿಗೆ ಮುಂಚೆ ಮೂಗಿನಲ್ಲಿ ನಾಲ್ಕು ಸಲ ಗಾಳಿ ಹೊಡೆದುಕೊಂಡು, ಆಮೇಲೆ ಒಮ್ಮೆಲೇ ಭುಸ್ಸೆಂದು ಹತ್ತಿಕೊಳ್ಳುತ್ತಿದ್ದರು, ತಾವು ರಿಪೇರಿ ಮಾಡಿದ ಸ್ಟೋವಿನ ಹಾಗೆಯೇ. ಪುಟ್ಟತಾಯಮ್ಮ ಆ ಎರಡು ಮೂರು ಮಾತಿಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊತ್ತಿಗೆ ಮುಂಚೆ ಹೋಗಿ ನಿಲ್ಲುತ್ತಿದ್ದರು. ‘ಹ್ಞೂಂ’ ಎಂದಷ್ಟೇ ಬಂದರೂ ಇವರು ಉತ್ತರ ಕೊಟ್ಟು, ಅರ್ಧ ಗಂಟೆ ಮಾತಾಡಿಕೊಂಡೇ ವಾಪಸಾಗುತ್ತಿದ್ದರು. ಸಂಸಾರ ಮೊದಲಿನಿಂದಲೂ ಹಾಗೆಯೇ ನಡೆದಿತ್ತು ಎಂದು ಅವರೇ ಹೇಳುತ್ತಿದ್ದರು.

ಆ ಸೋಮವಾರ ಅವರು ತಲೆಗೆ ನೀರು ಹಾಕಿಕೊಂಡೇ ಬಂದಿದ್ದರು. ಮರಿಸಿದ್ದಯ್ಯನವರು ತೀರಿಕೊಂಡದ್ದು ಆ ವಾರದ ಶನಿವಾರ ಬೆಳಗಿನ ಜಾವ, ನಿದ್ದೆಯಲ್ಲಿ. ಅಂದರೆ ಕಡೇಮಾತು ಶುಕ್ರವಾರದೊಳಗೆ ಎಲ್ಲೋ ಇದೆ. ನಾನು ಹೆಸರು ಹೊಡೆದು ಗುಂಡಿ ಒತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಪುಟ್ಟತಾಯಮ್ಮ ಬೆಂಚಿನ ಮೇಲೆ ಕೂತು ಕಾಫಿ ಬಗ್ಗಿಸಿಕೊಂಡರು, ನನಗೂ ಕೊಟ್ಟರು. ಮೂರು ಗಂಟೆ ಕಳೆದ ಮೇಲೆ ಯಂತ್ರ ತಾನಾಗಿಯೇ ‘ಸಮಯ ಮೀರಿದೆ’ ಎಂದು ಬರೆದು ಕೈಚೆಲ್ಲಿತು.

ನಮ್ಮ ಸೂಪರಿಂಟೆಂಡೆಂಟ್ ಲಲಿತಾಕ್ಷಿ ಮೇಡಂ ಮೊದಲು ಕರೆಂಟನ್ನು ಬೈದರು, ಆಮೇಲೆ ಲೈನನ್ನು, ಆಮೇಲೆ ನನ್ನನ್ನು. ನಾನು ಸರ್ವರ್ ಆರಿಸಿ ಹಚ್ಚಿದೆ, ಫ್ಯಾನಿನ ಧೂಳು ಊದಿದೆ, ಯಾರಾದರೂ ಡೇಟಾಬೇಸಿನ ಪಟ್ಟಿಗೆ ಬೀಗ ಹಾಕಿಕೊಂಡು ಕೂತಿದ್ದಾರೇನೋ ಎಂದು ಹುಡುಕಿದೆ. ಏನೂ ಇರಲಿಲ್ಲ. ಮೇಡಂ ತಮ್ಮ ಸೋದರತ್ತೆಯ ಹೆಸರು ಹೊಡೆದರು. ಚಿಟಿಕೆ ಹೊಡೆಯುವಷ್ಟರಲ್ಲಿ ಎಂಬತ್ತು ಸಾಲು ಬಂತು, ಅದರಲ್ಲಿ ಎಪ್ಪತ್ತು ಮೇಡಮ್ಮಿನ ಅಮ್ಮನನ್ನು ಬೈದದ್ದು. ಅವರು ಪರದೆ ಆರಿಸಿದರು. ಮತ್ತೆ ಮರಿಸಿದ್ದಯ್ಯ ಎಂದು ಹೊಡೆದರೆ ಮತ್ತೆ ಚಕ್ರ. ಇಡೀ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದ ಮನುಷ್ಯನ ಮಾತು ಹುಡುಕುವುದಕ್ಕೇ ಯಂತ್ರಕ್ಕೆ ಏದುಸಿರು.

ಪುಸ್ತಕದಲ್ಲೇ ನೋಡಬಹುದಲ್ಲ ಎನ್ನುತ್ತೀರಿ. ಪುಸ್ತಕ ಇರುವುದು ಬೀದಿವಾರು, ಮನುಷ್ಯರವಾರು ಅಲ್ಲ. ಅರವತ್ತೆರಡು ಬೀದಿ, ಬೀದಿಗೆ ವಾರಕ್ಕೆ ಮೂರು ಪುಸ್ತಕ, ಕಿವಿಗಾರರ ಅಕ್ಷರ ದೇವರಿಗೇ ಪ್ರೀತಿ. ಆದರೂ ಪೇಟೆಬೀದಿಯ ನಿವೃತ್ತ ಕಿವಿಗಾರರಾದ ಖಯ್ಯೂಮ್ ಸಾಹೇಬರು ಸುದ್ದಿ ತಿಳಿದು ಬಂದು, ಕನ್ನಡಕ ಏರಿಸಿಕೊಂಡು, ಉಗ್ರಾಣದಲ್ಲಿ ತಮ್ಮ ಹಳೆಯ ಪುಸ್ತಕಗಳನ್ನು ಸಾಲುಸಾಲಾಗಿ ಓದುತ್ತ ಕೂತರು. ತಾವು ಬರೆದ ಒಂದು ಸಾಲೂ ತಪ್ಪಿದ್ದಿಲ್ಲ ಎನ್ನುವುದು ಅವರ ಒಂದೇ ಒಂದು ಹೆಚ್ಚುಗಾರಿಕೆ. ಅವರು ಬೇರೆ ಯಾವುದಕ್ಕೂ ಜಂಬ ಪಟ್ಟವರಲ್ಲ.

ಮಂಗಳವಾರವೂ ಹಾಗೆಯೇ ಹೋಯಿತು. ಪುಟ್ಟತಾಯಮ್ಮ ಬಾಗಿಲು ತೆರೆಯುವ ಹೊತ್ತಿಗೆ ಬಂದು, ಮುಚ್ಚುವ ತನಕ ಬೆಂಚಿನ ಮೇಲೆ ಕೂತಿದ್ದರು. ಒಂದು ಸಲವೂ ಆಯಿತೇ ಎಂದು ಕೇಳಲಿಲ್ಲ. ಗಂಡನಿಂದ ಮಾತಿಗೆ ಕಾಯುವುದು ಅವರಿಗೆ ಹೊಸದಾಗಿರಲಿಲ್ಲ. ಅವರು ಕೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಬುಧವಾರ ಬೆಳಿಗ್ಗೆ, ಎರಡು ದಿನ ತಡವಾಗಿ, ನನಗೆ ಬುದ್ಧಿ ಬಂತು. ಬೇಗ ಹುಡುಕು ಎಂದು ಯಂತ್ರದ ಬೆನ್ನು ಬೀಳುವ ಬದಲು, ನೀನು ಹುಡುಕುವುದು ಹೇಗೆ ಎಂದು ಅದನ್ನೇ ಕೇಳಬಹುದು. ಕೇಳಿದರೆ ಅದು ತನ್ನ ಯೋಜನೆಯನ್ನು ಬರೆದು ತೋರಿಸುತ್ತದೆ. ತೋರಿಸಿತು. ಮರಿಸಿದ್ದಯ್ಯನವರೆಂದರೆ ವಾರಕ್ಕೆ ಮೂರು ಮಾತು ಎಂದು ಅದಕ್ಕೂ ಗೊತ್ತಿತ್ತು. ಮೂರೇ ತಾನೇ ಎಂದುಕೊಂಡು ಒಂದೊಂದು ಮಾತಿಗೂ ಒಂದೊಂದು ಸಲ ಎದ್ದು ಹೋಗಿ, ಊರಿನ ಜಾಗಗಳ ದೊಡ್ಡ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಈ ಮಾತು ಎಲ್ಲಿಯದು ಎಂದು ನೋಡಿಕೊಂಡು ಬರುತ್ತಿತ್ತು. ಫೈಲಿಗೊಂದು ಸಲ ಉಗ್ರಾಣಕ್ಕೆ ಹೋಗಿ ಬರುವ ಜವಾನನ ಹಾಗೆ. ಮೂರು ಫೈಲಿಗಾದರೆ ತೊಂದರೆಯಿಲ್ಲ. ಹಾಗಿದ್ದರೆ ಇದ್ದದ್ದೆಷ್ಟು? ಬೇರೇನೂ ಬೇಡ, ಬರೀ ಎಣಿಸು ಎಂದೆ. ತಟ್ಟನೆ ಎಣಿಸಿತು. ನಾಲ್ಕು ಸಾವಿರದ ಆರುನೂರ ಹನ್ನೆರಡು.

ಎರಡು ಸಲ ಎಣಿಸಿದರೂ ಅಷ್ಟೇ. ಯಾರ ಮಾತು ಎಷ್ಟು ಎನ್ನುವ ಅಂದಾಜಿನ ಪಟ್ಟಿಯನ್ನು ನಮ್ಮ ಕಚೇರಿಯಲ್ಲಿ ತಿಂಗಳ ಒಂದನೇ ತಾರೀಖಿಗೆ ಮಾತ್ರ ಹೊಸದು ಮಾಡುತ್ತಾರೆ. ಶನಿವಾರ ಟೈಪಾದ ಸಾವಿರಾರು ಸಾಲು ಆ ಅಂದಾಜಿಗೆ ಸಿಕ್ಕಿರಲಿಲ್ಲ. ಯಂತ್ರ ಪಾಪ, ಹಳೇ ಮರಿಸಿದ್ದಯ್ಯನವರನ್ನು ನಂಬಿಕೊಂಡು ಹೊಸ ಮರಿಸಿದ್ದಯ್ಯನವರನ್ನು ಹುಡುಕುತ್ತಿತ್ತು. ಮೇಡಮ್ಮಿನ ಅಪ್ಪಣೆಗೂ ಕಾಯದೆ ಅಂದಾಜು ಹೊಸದು ಮಾಡಿದೆ. ಯಂತ್ರ ಈಗ ಜಾಗದ ಪಟ್ಟಿಯನ್ನು ಒಂದೇ ಸಲ ಹೊತ್ತು ತಂದು ಮಗ್ಗುಲಲ್ಲಿಟ್ಟುಕೊಂಡಿತು. ಗುಂಡಿ ಒತ್ತಿದೆ. ಒಂದು ಸೆಕೆಂಡು ಹಿಡಿಯಲಿಲ್ಲ. ಪ್ರಿಂಟರ್ ಕರಕರ ಎಂದು ಶುರುಮಾಡಿ ನಿಲ್ಲಲೇ ಇಲ್ಲ; ಕಾಗದ ಮಡಿಕೆ ಮಡಿಕೆಯಾಗಿ ಇಳಿದು ಮೇಜು ದಾಟಿ, ಕೌಂಟರ್ ದಾಟಿ, ಪುಟ್ಟತಾಯಮ್ಮನ ಕಾಲ ಬಳಿ ಬಂತು.

ಅವರು ಬಗ್ಗಿ ಅದನ್ನು ಎತ್ತಿಕೊಂಡರು. ಸೆರಗಿನಲ್ಲಿ ಮಗುವನ್ನು ಎತ್ತಿಕೊಂಡ ಹಾಗಿತ್ತು.

“ಇಷ್ಟೊಂದಾ ಕಂಠಪ್ಪ? ಇಷ್ಟೊಂದು ಮಾತಾಡವ್ರಾ ನಮ್ಮೋರು?” ಎಂದರು. “ಹೋಗೋ ಕಾಲ ಬಂತು ಅಂತ ಗೊತ್ತಾಗಿರ್ಬೇಕು ಕಣಪ್ಪ. ಒಳಗಿದ್ದದ್ದನ್ನೆಲ್ಲ ಆಡಿ ಮುಗಿಸವ್ರೆ. ಓದು, ನನಗೆ ಕಣ್ಣು ಸರಿಯಾಗಿ ಕಾಣ್ದು.”

ನಾನು ಓದಿದೆ. ಸೋಮವಾರ, ಸಂಜೆ ನಾಲ್ಕೂ ಹತ್ತು, ಎಣ್ಣೆ ಡಿಪೋ ಮುಂದೆ: ‘ಹ್ಞೂಂ.’ ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು, ಗೋಣಿಚೀಲದ ಅಂಗಡಿ ಮುಂದೆ: ‘ವಾಷರ್ ಬಂದಿಲ್ಲ. ನಾಳೆ ಬನ್ನಿ.’ ಬುಧವಾರ, ಮಧ್ಯಾಹ್ನ ಎರಡೂವರೆ, ಕಾಲೇಜ್ ಗೇಟು: ‘ಮಹಾಜನಗಳೇ, ನಿಮ್ಮ ಹೃದಯದ ಬರ್ನರಿನಲ್ಲಿ ಮಸಿ ಕಟ್ಟಿದೆ, ಪಿನ್ನು ಹಾಕಿಸಿಕೊಳ್ಳಿ.’

ನನ್ನ ನಾಲಿಗೆ ಅಲ್ಲಿಗೆ ನಿಂತಿತು. ಆ ಸಾಲು ನನಗೆ ಗೊತ್ತಿತ್ತು. ಅದನ್ನು ಕಟ್ಟಿದವನು ನಾನು. ಡಿಗ್ರಿ ಎರಡನೇ ವರ್ಷದ ಒಂದು ಬುಧವಾರ, ಊಟದ ನಂತರದ ಅರ್ಥಶಾಸ್ತ್ರದ ಕ್ಲಾಸು ತಪ್ಪಿಸಿ, ಗೇಟಿನ ಕಟ್ಟೆ ಹತ್ತಿ ಸ್ಟೋವ್ ಮರಿಸಿದ್ದಯ್ಯನವರ ದನಿಯಲ್ಲಿ ಭಾಷಣ ಮಾಡಿದ್ದೆ. ವರ್ಷವಿಡೀ ಮಾತಾಡದ ಮನುಷ್ಯ ಎಲ್ಲವನ್ನೂ ಒಟ್ಟಿಗೆ ಮಾತಾಡಿದರೆ ಹೇಗಿರುತ್ತದೆ ಎನ್ನುವುದೇ ತಮಾಷೆ. ಹಾಸ್ಟೆಲಿನ ಎಂಬತ್ತು ಹುಡುಗರಿಗೆ ಅದು ಒಂದೇ ಸಂಜೆಯಲ್ಲಿ ನೆಗಡಿಯಂತೆ ಹತ್ತಿಕೊಂಡಿತು. ಮೂರು ದಿನ ಊರಲ್ಲಿ ಕಾಲೇಜು ಹುಡುಗನೆಂಬುವನು ಸ್ವಂತ ದನಿಯಲ್ಲಿ ಮಾತಾಡಿದ್ದಿಲ್ಲ. ಮೂಗಿನಲ್ಲಿ ನಾಲ್ಕು ಸಲ ಪಂಪು ಹೊಡೆದು ಭುಸ್ಸೆಂದು ಟೀ ಕೇಳುವುದೇನು, ಬಸ್ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವುದೇನು. ಶನಿವಾರ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಅವತ್ತಿಗೆ ನಿಂತಿತು. ನಲವತ್ತೊಂದರಲ್ಲಿ ಆ ಒಂದು ದನಿಯನ್ನು ನಾನು ಮತ್ತೆ ತೆಗೆದಿಲ್ಲ. ಗೋಡೆಗೆ ಮುಖ ಮಾಡಿ ಕೂತ ಅರವತ್ತೆರಡು ಕಿವಿಗಾರರು ಮೂರು ದಿನವೂ ನಿಯಮದ ಪ್ರಕಾರ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದಿದ್ದರು. ಅದು ಮಾತ್ರ ನನಗೆ ಯಾವತ್ತೂ ಹೊಳೆದಿರಲಿಲ್ಲ.

“ಓದಪ್ಪ, ಬೋ ಚೆನ್ನಾಗೈತೆ,” ಎಂದರು ಪುಟ್ಟತಾಯಮ್ಮ. “ಹೃದಯಕ್ಕೆ ಪಿನ್ನು ಅಂತೆ.”

ಓದಬಹುದಿತ್ತು. ಸುಳ್ಳು ಹೇಳುತ್ತಿಲ್ಲ, ಒಂದು ಗಳಿಗೆ ಓದಿಯೇ ಬಿಡೋಣ ಎನ್ನಿಸಿತು. ನಾಲ್ಕು ಸಾವಿರದ ಆರುನೂರ ಹತ್ತು ಸುಳ್ಳು ಮಾತಿನಿಂದ ಒಬ್ಬ ಹೆಂಗಸಿಗೆ ಮೂರು ದಿನದ ಹಬ್ಬವಾಗುತ್ತಿತ್ತು. ಕಚೇರಿಯ ಮರ್ಯಾದೆ ಉಳಿಯುತ್ತಿತ್ತು, ನನ್ನ ಕೆಲಸವೂ. ಅವರು ಕಾಗದದ ಮಡಿಕೆಗಳನ್ನು ನೇವರಿಸಿ ನೇವರಿಸಿ ಸರಿಮಾಡುತ್ತಿದ್ದರು. ಆ ಕೈ ನೋಡಿದ ಮೇಲೆ ಸುಳ್ಳು ಹೇಳುವುದಕ್ಕೆ ನಲವತ್ತೊಂದು ದನಿಯಲ್ಲಿ ಒಂದೂ ಬರಲಿಲ್ಲ. ಕೌಂಟರಿನ ಈಚೆ ಬಂದು, ಬೆಂಚಿನ ಮೇಲೆ ಅವರ ಪಕ್ಕ ಕೂತು, ಎಲ್ಲ ಹೇಳಿದೆ.

ಅವರು ಕಾಗದವನ್ನು ಮಡಿಕೆಗೆ ಮಡಿಕೆ ಸೇರಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಹಾಗಾದರೆ ಅವರ ಕಡೇಮಾತು ಯಾವುದು ಎಂದು ಕೇಳಿದರು. ಮಂಗಳವಾರದ್ದು ಎಂದೆ. ಆಮೇಲೆ ಬರೆದಿರುವುದರಲ್ಲಿ ಅವರದು ಅನ್ನಿಸುವಂಥದ್ದು ಒಂದೂ ಇಲ್ಲ. ಎಲ್ಲ ಉದ್ದುದ್ದ, ಎಲ್ಲ ನಮ್ಮವೇ. ಎಷ್ಟು ಗಂಟೆಗೆ ಅಂದೆ, ಎಂದು ಕೇಳಿದರು. ಹತ್ತೂ ಇಪ್ಪತ್ತು ಎಂದೆ.

“ನಿನ್ನೆ ಹತ್ತೂ ಇಪ್ಪತ್ತಕ್ಕೆ ನಾನಿಲ್ಲೇ ಕೂತಿದ್ನಲ್ಲಪ್ಪ,” ಎಂದರು. “ಇದೇ ಬೆಂಚಿನ ಮೇಲೆ.”

ಅಷ್ಟೇ ಹೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳದ ಕೊರತೆ ಏನೂ ಆಗಲಿಲ್ಲ, ಅದನ್ನು ಬೇರೆಯವರು ತುಂಬಿದರು. ಲಲಿತಾಕ್ಷಿ ಮೇಡಂ ನನಗೆ ಮೆಮೊ ಬರೆಯಲು ಕೂತು, ಅಪರಾಧಕ್ಕೆ ಏನೆಂದು ಹೆಸರು ಕೊಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದರು. ಸುಳ್ಳು ಸಾಲುಗಳನ್ನೆಲ್ಲ ಇವತ್ತೇ ಅಳಿಸಬೇಕೆಂದರು. ಖಯ್ಯೂಮ್ ಸಾಹೇಬರು ಮೂಲೆಯಲ್ಲಿ ತಮ್ಮ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ತಾವೇ ಮುತ್ತು ಪೋಣಿಸಿದಂತೆ ಬರೆದಿದ್ದ ನನ್ನ ಅಧಿಕಪ್ರಸಂಗಗಳನ್ನು ನೋಡುತ್ತಿದ್ದರು. “ಮೂವತ್ತು ವರ್ಷ ಗೋಡೆ ನೋಡ್ಕೊಂಡು ಕೂತಿದ್ದೆ ಕಂಠಿ,” ಎಂದರು, “ನೀನು ನನ್ನ ಕಿವಿಗೇ ಟೋಪಿ ಹಾಕಿದ್ಯಲ್ಲೋ.” ನಗಿಸುವ ಮಾತೇ. ಅವರ ಮುಖ ನಗುವ ಹಾಗಿರಲಿಲ್ಲ.

ಅಳಿಸಬೇಡಿ ಎಂದವರು ಪುಟ್ಟತಾಯಮ್ಮ. ಎದ್ದು ನಿಂತು, ಕಾಗದದ ಹೊರೆಯನ್ನು ಕಂಕುಳಲ್ಲಿಟ್ಟುಕೊಂಡು, ಶುಕ್ರವಾರದ ಕಟ್ಟಕಡೆಯ ಸಾಲು ಎಲ್ಲಿಯದೆಂದು ಕೇಳಿದರು. ಸಂಜೆ ಐದೂ ನಲವತ್ತು, ನೀರಿನ ಟ್ಯಾಂಕಿನ ಕಟ್ಟೆ. ಅದೂ ನನ್ನದೇ ಅಮ್ಮ, ಎಂದೆ.

“ಇರ್ಲಿ. ಅಸಲು ಹೋಯ್ತು. ನಕಲಿಗಾದ್ರೂ ಚಾಪೆ ಹಾಕ್ಕೊಂಡು ಕೂತ್ಕತೀನಿ. ಬರೀ ಕೈಯಲ್ಲಿ ಕಳ್ಸಕ್ಕಾಯ್ತದಾ?”

ಅವತ್ತು ಮಧ್ಯಾಹ್ನ ಎರಡೂವರೆಗೆ ಕಾಲೇಜ್ ಗೇಟಿನಲ್ಲಿ ಅದು ಶುರುವಾಯಿತು. ನಾನು ಗೇಟಿಗೆ ಎದುರು ಹುಣಸೆಮರದ ಕೆಳಗೆ ನಿಂತಿದ್ದೆ. ಮೊದಲು ಪಂಪು, ಆಮೇಲೆ ಭುಸ್, ಆಮೇಲೆ ಮಹಾಜನಗಳೇ. ಹೇಳಿದರೆ ನಾಚಿಕೆ, ಚೆನ್ನಾಗಿಯೇ ಇತ್ತು. ಇಪ್ಪತ್ತು ವರ್ಷದ ಗಂಟಲು. ಬೀಡಿ ಗೊತ್ತಿಲ್ಲದ, ಯಾರಿಗೂ ಹೆದರದ ಗಂಟಲು. ಅದು ಎಲ್ಲಿ ಹೋಯಿತೋ ನನಗೇ ತಿಳಿಯದು. ನಡುನಡುವೆ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದವನು ನನ್ನ ರೂಮ್‌ಮೇಟ್ ತಿಮ್ಮರಾಯ. ಅವನು ಈಗಿಲ್ಲ. ಅವನ ಕಡೇಮಾತಿಗೆ ಇನ್ನೂ ಆರು ವರ್ಷ ಇದೆ. ಗುರುವಾರವೆಲ್ಲ ಊರು ಬೀದಿ ಬೀದಿಯಲ್ಲಿ ಮರಿಸಿದ್ದಯ್ಯನವರಾಗಿತ್ತು. ಈಗ ಬಸ್ ಓಡಿಸುವವರು, ಮೇಷ್ಟರಾದವರು, ಹೊಟ್ಟೆ ಬಂದವರು, ತಲೆ ಬೋಳಾದವರು, ಅವರವರ ಹಳೇ ಮೂಲೆಗಳಲ್ಲಿ ಬಂದು ನಿಂತು ತಮ್ಮ ತಮ್ಮ ಪೋಲಿತನವನ್ನು ತಲೆ ತಗ್ಗಿಸಿ ಕೇಳಿದರು. ನಗು ಬರುತ್ತಿತ್ತು. ನಕ್ಕವರು ಪುಟ್ಟತಾಯಮ್ಮ ಎಲ್ಲಿದ್ದಾರೆಂದು ನೋಡಿ ನುಂಗಿಕೊಳ್ಳುತ್ತಿದ್ದರು. ಅವರು ಮಾತ್ರ ಫ್ಲಾಸ್ಕು ಹಿಡಿದು ಬೀದಿಯಿಂದ ಬೀದಿಗೆ ಹೋಗುತ್ತಲೇ ಇದ್ದರು. ಇದು ಪರವಾಗಿಲ್ಲ, ಇದು ಅವರ ಹಾಗಿಲ್ಲ, ಇವನ್ಯಾರೋ ಮೂಗಿಗೆ ಜಾಸ್ತಿ ಗಾಳಿ ಹೊಡೆದಿದ್ದಾನೆ ಎಂದು ಒಬ್ಬೊಬ್ಬರಿಗೂ ಅಂಕ ಹಾಕಿದರು. ಹೋಗುವ ಮುಂಚಿನ ಆ ವಾರ ಯಜಮಾನರು ಸಂಜೆ ದಿನಾ ತಡವಾಗಿ ಮನೆಗೆ ಬರುತ್ತಿದ್ದರು, ಯಾಕೆ ಎಂದರೆ ಹ್ಞೂಂ ಅನ್ನುತ್ತಿದ್ದರು, ಎಂದು ದಾರಿಯಲ್ಲಿ ಒಮ್ಮೆ ಹೇಳಿದರು. ಬೀದಿ ಬೀದಿಯಲ್ಲಿ ತಮ್ಮನ್ನೇ ಅಣಕಿಸುವುದನ್ನು ಕೇಳಲಾರದೆ ಸುತ್ತು ಬಳಸಿ ಬರುತ್ತಿದ್ದರೇನೋ. ಅದೇ ಕೊರಗಿನಲ್ಲಿ ಹೋದರೇನೋ. ಹನ್ನೆರಡು ವರ್ಷ ಆ ಅನುಮಾನವನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ.

ಶುಕ್ರವಾರ ನೀರಿನ ಟ್ಯಾಂಕಿನ ಕಟ್ಟೆಯ ಮುಂದೆ ಪುಟ್ಟತಾಯಮ್ಮ ಚಾಪೆ ಹಾಸಿ ಕೂತರು. ಒಗೆದ ಸೀರೆ, ಮೊರದಲ್ಲಿ ಕಡಲೆಪುರಿ, ಎಲ್ಲ ಕ್ರಮದ ಪ್ರಕಾರವೇ. ಊರಿನ ಅರ್ಧ ಜನ ಬಂದಿದ್ದರು. ಲಲಿತಾಕ್ಷಿ ಮೇಡಂ ಮೆಮೊವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದರು. ಖಯ್ಯೂಮ್ ಸಾಹೇಬರು ಎಲ್ಲರಂತೆ ಕಟ್ಟೆಯ ಕಡೆ ನೋಡುತ್ತ ನಿಲ್ಲಲಾಗದೆ, ಹೋಗಿ ಟ್ಯಾಂಕಿನ ಗೋಡೆಗೆ ಮುಖ ಮಾಡಿ ನಿಂತರು. ನಾನು ಎಲ್ಲರ ಹಿಂದೆ, ಪುಟ್ಟತಾಯಮ್ಮನ ಮನೆಯಿರುವ ಅಂಚಿ ಬೀದಿ ತಿರುಗುವ ಕಡೆ ಇದ್ದೆ.

ಐದೂ ನಲವತ್ತಕ್ಕೆ ಖಾಲಿ ಕಟ್ಟೆಯ ಮೇಲಿನಿಂದ ನನ್ನ ಹಳೇ ಗಂಟಲು ಪಂಪು ಹೊಡೆದುಕೊಂಡಿತು. ‘ನಮ್ಮ ಮನೆಯವಳು ಒಂದು ನಿಮಿಷಕ್ಕೆ ನೂರು ಮಾತಾಡುತ್ತಾಳೆ,’ ಎಂದು ಮರಿಸಿದ್ದಯ್ಯನವರಾಗಿ ಶುರುಮಾಡಿತು. ಚೀಟಿಯಲ್ಲಿ ಹೊತ್ತು, ಜಾಗವಷ್ಟೇ ನೋಡಿದ್ದೆ. ಈ ಸಾಲು ನನಗೆ ಮರೆತೇ ಹೋಗಿತ್ತು. ‘ನಾನು ಯಾಕೆ ಮಾತಾಡಲಿ? ಸ್ಟೋವು ಉರಿಯುವಾಗ ರಿಪೇರಿಯವನು ಸುಮ್ಮನಿರಬೇಕು. ಅವಳು ಉರಿಯುತ್ತಿರಲಿ, ಅನ್ನ ಬೇಯುತ್ತಿರಲಿ.’ ಹನ್ನೆರಡು ವರ್ಷದ ಹಿಂದಿನ ಗುಂಪು ಗೊಳ್ಳೆಂದಿತು. ಎಂಬತ್ತು ಹುಡುಗರ ನಗು ಖಾಲಿ ಗಾಳಿಯಲ್ಲಿ ಎದ್ದು, ಈಗಿನ ನಮ್ಮ ಮೌನದ ಮೇಲೆ ಬಿತ್ತು. ಪುಟ್ಟತಾಯಮ್ಮ ತಲೆಯೆತ್ತಲಿಲ್ಲ. ಚೀಟಿಯಲ್ಲಿದ್ದದ್ದು ಅಷ್ಟೇ. ಪಟ್ಟಿ ಅಲ್ಲಿಗೆ ಮುಗಿದಿತ್ತು.

ಆಗ ನನ್ನ ಕಿವಿಯ ಪಕ್ಕದಲ್ಲೇ, ಮೊಳದ ದೂರದಲ್ಲಿ, ಅಂಚಿ ಬೀದಿಯ ತಿರುವಿನ ಬರಿಯ ಗಾಳಿಯಲ್ಲಿ, ಮೂಗಿನೊಳಗೆ ಯಾರೋ ಗಾಳಿ ಹೊಡೆದುಕೊಂಡ ಸದ್ದಾಯಿತು. ಒಂದು, ಎರಡು, ಮೂರು, ನಾಲ್ಕು. ಭುಸ್ ಎಂದು ಹತ್ತಿಕೊಂಡಿತು. ಮಾತಲ್ಲ. ನಗು. ಮೊದಲು ಸಣ್ಣಗೆ, ತಡೆದು ತಡೆದು, ಬೇಡ ಬೇಡ ಎಂದುಕೊಂಡು. ಆಮೇಲೆ ಒಮ್ಮೆಲೇ ನೀಲಿ ಉರಿಯಾಗಿ. ಗುಂಪಿನ ಹಿಂದೆ ಬೀದಿಯ ಮೂಲೆಯಲ್ಲಿ ಮರೆಯಾಗಿ ನಿಂತುಕೊಂಡು, ತಮ್ಮ ನಕಲನ್ನು ಕೇಳುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಕಟ್ಟೆಯ ಮೇಲಿದ್ದ ನನಗೆ ಅವತ್ತು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಗೋಡೆ ನೋಡುತ್ತಿದ್ದ ಖಯ್ಯೂಮ್ ಸಾಹೇಬರು ಜನ್ಮದಲ್ಲಿ ಮೊದಲ ಸಲ ಹಿಂದಕ್ಕೆ ತಿರುಗಿದರು. “ಇದು ಅವರೇ. ಅಲ್ಲಾ ಆಣೆ, ಇದು ಅವರೇ,” ಎಂದರು. “ನಗು ನಾವು ಬರೆಯೋದಿಲ್ಲಪ್ಪ. ಬರೆಯೋದು ಮಾತು ಮಾತ್ರ. ಪುಸ್ತಕದಲ್ಲಿ ಎಲ್ಲಿ ಸಿಗುತ್ತೆ?”

ಪುಟ್ಟತಾಯಮ್ಮ ಎದ್ದರು. ಜನ ದಾರಿ ಬಿಟ್ಟರು. ನೇರ ನನ್ನ ಹತ್ತಿರ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ನಗು ಬರುತ್ತಿದ್ದ ಜಾಗಕ್ಕೆ ಮುಖವೊಡ್ಡಿ ನಿಂತರು. ಆ ಹೆಂಗಸಿಗೆ ಅವತ್ತು ಮಾತು ಹೊಳೆಯಲಿಲ್ಲ. ನಗು ಅಲ್ಲಿ ನಿಲ್ಲದೆ ಅಂಚಿ ಬೀದಿಯ ಒಳಕ್ಕೆ, ಅವರ ಮನೆಯ ಕಡೆಗೆ ಹೆಜ್ಜೆ ಹಾಕತೊಡಗಿತು. ಇವರೂ ಜೊತೆಗೆ ಹೊರಟರು, ಒಂದು ಆಳಿಗೆ ಜಾಗ ಬಿಟ್ಟು, ಎಡಗಡೆಗೆ. ಹನ್ನೆರಡು ವರ್ಷದ ಹಿಂದಿನ ಎಂಬತ್ತು ಹುಡುಗರು ಇನ್ನೂ ನಗುತ್ತಿದ್ದರು. ಈಗಿನ ನಾವೂ ತಡೆಯಲಾರದೆ ಶುರುಮಾಡಿದೆವು, ಮೇಡಂ ಕೂಡ. ಆದರೂ ಬೀದಿಯ ಕೊನೆಯ ತನಕ, ಅವರ ಹೊಸ್ತಿಲು ಮುಟ್ಟುವ ತನಕ, ಅಷ್ಟು ಗದ್ದಲದ ಮೇಲೆ ಎದ್ದು ಕೇಳುತ್ತಿದ್ದದ್ದು ಮರಿಸಿದ್ದಯ್ಯನವರ ನಗುವೊಂದೇ.